ಕುರಿಯ ಕೆಂಪು ರಕ್ತಕಣಗಳ ಮೇಲೆ ತಾಮ್ರದ ಪರಿಣಾಮ

ಜನಪದ ಪಶುವೈದ್ಯದಲ್ಲಿ ರೋಗದ ಹೆಸರು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಲಕ್ಷಣವನ್ನು ಅವಲಂಬಿಸಿರುತ್ತದೆ. ಪಶುವಿನ ಮೂತ್ರ ಕೆಂಪಾದರೆ ಅದು ರಕ್ತಮೂತ್ರ. ಆದರೆ ಈ ಒಂದೇ ಹೆಸರಿನಡಿ ಹಲವು ಕಾರಣಗಳು ಅಡಗಿವೆ. ದನಗಳಿಗೆ ಉಣ್ಣಿಯಿಂದ ಹರಡುವ ಬೆಬೀಸಿಯಾ ರೋಗ, ಈದ ಎಮ್ಮೆಯಲ್ಲಿ ರಂಜಕದ ಕೊರತೆ, ಕುರಿಯಲ್ಲಿ ತಾಮ್ರದ ಸಂಚಯ ಇವುಗಳಲ್ಲಿ ಕೆಲವು. ಮೂರರಲ್ಲಿಯೂ ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಮೂತ್ರಕ್ಕಿಳಿಯುತ್ತದೆ.

ತಾಮ್ರವು ಕುರಿಗೂ ಅಗತ್ಯವಾದ ಲೋಹವೇ. ಆದರೆ ಹೆಚ್ಚಾದುದನ್ನು ಪಿತ್ತರಸದ ಮೂಲಕ ಹೊರಹಾಕುವ ಶಕ್ತಿ ಅದಕ್ಕೆ ಕಡಿಮೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2005ರಲ್ಲಿ ಸೂಚಿಸಿದ ಗರಿಷ್ಠ ಮಿತಿ, ಒಣ ಆಹಾರದ ಪ್ರತಿ ಕಿಲೋಗ್ರಾಂನಲ್ಲಿ, ಕುರಿಗೆ 15 ಮಿಲಿಗ್ರಾಂ, ದನಕ್ಕೆ 40, ಕೋಳಿಗೆ 250. ಕೋಳಿಯ ಆಹಾರವು ಕುರಿಗೆ ವಿಷವಾಗುವುದು ಹೀಗೆ.

ವಾರ, ತಿಂಗಳುಗಳ ಕಾಲ ತಾಮ್ರ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಕುರಿ ಆರೋಗ್ಯವಾಗಿಯೇ ಕಾಣುತ್ತದೆ. ಹಸಿವು, ದೂರದ ಸಾಗಾಟ ಮೊದಲಾದ ಆಯಾಸಗಳಿಂದ ಅದು ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಬಹುದು. ಆಗ ಹಿಮೋಗ್ಲೋಬಿನ್ ಉತ್ಕರ್ಷಣಗೊಳ್ಳುತ್ತದೆ, ಕಣದ ಪೊರೆ ಶಿಥಿಲವಾಗಿ ಒಡೆಯುತ್ತದೆ. ಕಣ್ಣು ಹಳದಿಯಾಗಿ ಮೂತ್ರ ಕಪ್ಪುಗೆಂಪಾಗುತ್ತದೆ. ಹಲವೊಮ್ಮೆ ಒಂದೆರಡು ದಿನಗಳಲ್ಲಿಯೇ ಸಾವು ಸಂಭವಿಸುತ್ತದೆ.

ಕುರಿಗಾರರ ಪರಂಪರಾಗತ ಅರಿವು ರೂಪುಗೊಂಡದ್ದು ಬಯಲಿನ ಮೇವಿನ ನಡುವೆ. ಮೇವು ಬಯಲಿನಿಂದ ಚೀಲಕ್ಕೆ ಬಂದಾಗ ಹಳೆಯ ಹೆಸರೊಂದೇ ಸಾಲದು. ಉಣ್ಣಿಯ ರೋಗವೆಂದು ತಿಳಿದು ಚಿಕಿತ್ಸೆ ನೀಡುತ್ತಲೇ ಅದೇ ಆಹಾರವನ್ನು ಮುಂದುವರಿಸಿದರೆ ಹಿಂಡು ಉಳಿಯದು. ಲಕ್ಷಣವನ್ನು ಗುರುತಿಸುವ ಕುರಿಗಾರನ ಕಣ್ಣು ನಂಬತಕ್ಕದ್ದೇ. ಅದರೊಡನೆ ‘ಏನು ತಿಂದಿತು?’ ಎಂಬ ಪ್ರಶ್ನೆಯೂ ಸೇರಬೇಕು.