ವಲಸಿಗರ ಭಾವಚಿತ್ರ: ಗುರುತುಚೀಟಿಯಿಂದ ಕುಟುಂಬಸ್ಮೃತಿಗೆ

ವಲಸಿಗರ ಬದುಕಿನಲ್ಲಿ ಭಾವಚಿತ್ರವು ತೊರೆದು ಬಂದ ಮನೆಯ ಸ್ಮಾರಕವೆಂಬುದು ಸಾಮಾನ್ಯ ಗ್ರಹಿಕೆ. ಮಾರಿಷಸ್ಸಿನ ನಿದರ್ಶನವು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. 1834ರಿಂದ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಅಲ್ಲಿಗೆ ಸಾಗಿದರು. ಕರಾರು ಮುಗಿಸಿದವರೂ ತಮ್ಮ ಭಾವಚಿತ್ರವಿರುವ ಗುರುತುಚೀಟಿಯನ್ನು ಹೊಂದಿರಬೇಕೆಂದು 1867ರ ಕಾರ್ಮಿಕ ಕಾನೂನು ವಿಧಿಸಿತು. ಚೀಟಿಯಿಲ್ಲದವರು ಅಲೆಮಾರಿಗಳೆಂಬ ಆರೋಪದ ಮೇಲೆ ಬಂಧನಕ್ಕೊಳಗಾಗುತ್ತಿದ್ದರು. ಹೀಗೆ ಕೂಲಿಕಾರರ ಮುಖವು ಆಳುವವರ ಶಂಕೆಯ ಫಲವಾಗಿ ಚಿತ್ರದಲ್ಲಿ ದಾಖಲಾಯಿತು.

ಈ ವಲಸೆ ದಾಖಲೆಗಳನ್ನು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯು ಸಂರಕ್ಷಿಸಿದೆ. ಪೂರ್ವಜರ ಹೆಸರು, ಊರುಗಳನ್ನು ಅರಸಿ ಬರುವ ವಂಶಜರಿಗೆ ಕೆಲವೊಮ್ಮೆ ನೋಂದಣಿ ಸಂಖ್ಯೆಯೊಡನೆ ಆ ಮುಖವೂ ದೊರೆಯುತ್ತದೆ. ಕಾವಲಿಗೆಂದು ತೆಗೆದ ಚಿತ್ರವು ಕುಟುಂಬದ ಕೈಸೇರಿದಾಗ ಕೂಲಿಯ ಸಂಖ್ಯೆ ಹಿಂದೆ ಸರಿದು, ಮುತ್ತಜ್ಜನೊಬ್ಬನು ಎದುರಾಗುತ್ತಾನೆ.