ಅಕ್ಷರ ಹುಡುಕುವ ಆಟ

ಜೋರಾಗಿ ಮಳೆ ಸುರಿಯುತ್ತಿದೆ. ಆಟದ ಬಯಲಿನಲ್ಲಿ ನೀರು ನಿಂತಿದೆ. ಇಂತಹ ದಿನ ತರಗತಿಯ ಒಳಗೇ ಕುಳಿತು ಆಡಬಹುದಾದ ಒಂದು ಆಟವಿದೆ. ಅದಕ್ಕೆ ಒಂದು ಹಾಳೆ, ಒಂದು ಪೆನ್ಸಿಲು ಇದ್ದರೆ ಸಾಕು.

ಕರಿಹಲಗೆಯ ಮೇಲೆ ಕಾಸರಗೋಡು ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ಒಂಬತ್ತು ಅಕ್ಷರಗಳಿವೆ: ಕೆ, ಎ, ಎಸ್, ಎ, ಆರ್, ಎ, ಜಿ, ಓ, ಡಿ. ಈ ಅಕ್ಷರಗಳನ್ನು ಮಾತ್ರ ಬಳಸಿ ಎಷ್ಟು ಇಂಗ್ಲಿಷ್ ಪದಗಳನ್ನು ಬರೆಯಬಲ್ಲಿರಿ? ಇದೇ ಆಟ. ನಿಯಮ ಒಂದೇ. ಹೆಸರಿನಲ್ಲಿ ಒಂದು ಅಕ್ಷರ ಎಷ್ಟು ಸಲ ಇದೆಯೋ, ಒಂದು ಪದದಲ್ಲಿ ಅಷ್ಟೇ ಸಲ ಅದನ್ನು ಬಳಸಬಹುದು. ಎ ಮೂರು ಸಲ ಇದೆ, ಉಳಿದವು ಒಂದೊಂದೇ. ಆದುದರಿಂದ 'ಗುಡ್' ಎಂದು ಬರೆಯುವಂತಿಲ್ಲ. ಅದಕ್ಕೆ ಎರಡು ಓ ಬೇಕು.

ಡಾಗ್, ರೋಡ್, ಸ್ಯಾಡ್, ಡಾರ್ಕ್ ಎಂಬ ಪದಗಳು ಬೇಗನೆ ಹೊಳೆಯುತ್ತವೆ. ಅನಂತರ ಪೆನ್ಸಿಲು ನಿಂತುಬಿಡುತ್ತದೆ. ಆಗ ಹೊಸ ಪದಕ್ಕಾಗಿ ತಲೆ ಕೆರೆದುಕೊಳ್ಳಬೇಡಿ. ಬರೆದ ಪದವನ್ನೇ ಬೆಳೆಸಿ ನೋಡಿ. ಆರ್, ಎ, ಜಿ ಸೇರಿದರೆ 'ರ‍್ಯಾಗ್', ಎಂದರೆ ಚಿಂದಿ ಬಟ್ಟೆ. ಅದರ ಮುಂದೆ ಡಿ ಇಟ್ಟರೆ 'ಡ್ರ್ಯಾಗ್', ಎಂದರೆ ಎಳೆ. ಕೊನೆಗೆ ಎಸ್ ಸೇರಿಸಿದರೆ 'ಡ್ರ್ಯಾಗ್ಸ್'. ಒಂದು ಪದ ಮೂರಾಯಿತು! ಪದದ ಕೊನೆಗೆ ಎಸ್ ಸೇರಿಸುವುದು ಬಹಳ ಸುಲಭವಾದ ಉಪಾಯ. ಡಾಗ್ ಇದ್ದುದು ಡಾಗ್ಸ್ ಆಗುತ್ತದೆ, ರೋಡ್ ಇದ್ದುದು ರೋಡ್ಸ್ ಆಗುತ್ತದೆ.

ಇನ್ನೊಂದು ಉಪಾಯವೆಂದರೆ ಅಕ್ಷರಗಳನ್ನು ಹಿಂದೆ ಮುಂದೆ ಮಾಡುವುದು. ಎಸ್, ಓ, ಡಿ, ಎ ಸೇರಿದರೆ 'ಸೋಡಾ'. ಅದೇ ನಾಲ್ಕು ಅಕ್ಷರಗಳನ್ನು ಡಿ, ಓ, ಎಸ್, ಎ ಎಂದು ಜೋಡಿಸಿ. ಏನಾಯಿತು? ದೋಸೆ! ನಮ್ಮ ಅಡುಗೆಮನೆಯ ದೋಸೆ ಇಂದು ಇಂಗ್ಲಿಷ್ ನಿಘಂಟಿನಲ್ಲಿಯೂ ಇದೆ. ಸಂಗೀತದ 'ರಾಗ'ವೂ ಇದೆ. ಅದನ್ನೂ ಈ ಒಂಬತ್ತು ಅಕ್ಷರಗಳಿಂದಲೇ ಬರೆಯಬಹುದು. ಪಾಯಸಕ್ಕೆ ಹಾಕುವ ಸಾಬಕ್ಕಿಗೆ ಇಂಗ್ಲಿಷಿನಲ್ಲಿ 'ಸೇಗೋ' ಎನ್ನುತ್ತಾರೆ. ಅದೂ ಇಲ್ಲಿಯೇ ಅಡಗಿದೆ. ಹುಡುಕಿ ನೋಡಿ.

ಬಸ್ಸು ನಿಲ್ಲುವಲ್ಲಿ 'ಸ್ಟಾಪ್' ಎಂದು ಬರೆದಿರುತ್ತಾರಲ್ಲವೇ? ಎಸ್, ಟಿ, ಓ, ಪಿ ಎಂಬ ಆ ನಾಲ್ಕು ಅಕ್ಷರಗಳಿಂದ ಸ್ಪಾಟ್, ಪಾಟ್ಸ್, ಟಾಪ್ಸ್, ಪೋಸ್ಟ್ ಎಂಬ ಪದಗಳೂ ಆಗುತ್ತವೆ. ಟಾಪ್ಸ್ ಎಂದರೆ ಬುಗುರಿಗಳು. ಒಂದು ಸಂಗತಿಯನ್ನು ಗಮನಿಸಿ. ಸ್ಟಾಪ್ ಎನ್ನುವಾಗಲೂ ಪೋಸ್ಟ್ ಎನ್ನುವಾಗಲೂ ಇರುವುದು ಒಂದೇ ಓ ಅಕ್ಷರ. ಕಿವಿಗೆ ಕೇಳುವುದು ಮಾತ್ರ ಬೇರೆ ಬೇರೆ.

ಕನ್ನಡ ಓದುವ ನಮಗೆ ಈ ಆಟದಲ್ಲಿ ತೊಡಕಾಗುವುದು ಇದೇ ಕಾರಣದಿಂದ. ನಾವು ಹೆಚ್ಚಾಗಿ ಉಚ್ಚರಿಸುವಂತೆಯೇ ಬರೆಯುತ್ತೇವೆ. 'ಕ' ಎಂದು ಕೇಳಿದರೆ ಕ ಎಂದೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಕ್ಯಾಟ್ ಪದದಲ್ಲಿ ಕಕಾರಕ್ಕೆ ಸಿ, ಕೈಟ್ ಪದದಲ್ಲಿ ಕೆ, ಸ್ಕೂಲ್ ಪದದಲ್ಲಿ ಸಿ ಮತ್ತು ಎಚ್, ಕ್ವೀನ್ ಪದದಲ್ಲಿ ಕ್ಯೂ! ಫೋನ್ ಎಂಬ ಪದದಲ್ಲಿ ಎಫ್ ಇಲ್ಲವೇ ಇಲ್ಲ. ನೈಫ್ ಎಂಬ ಪದ ಕೆ ಅಕ್ಷರದಿಂದ ಆರಂಭವಾಗುತ್ತದೆ, ಆದರೆ ಆ ಕೆ ಬಾಯಿ ಬಿಡುವುದಿಲ್ಲ. ಆದುದರಿಂದ 'ಕೆ ಇರುವ ಪದ ಬರೆಯಿರಿ' ಎಂದಾಗ ಕ್ಯಾಟ್ ಎಂದು ಬರೆದರೆ ತಪ್ಪು, ನೈಫ್ ಎಂದು ಬರೆದರೆ ಸರಿ. ಇದು ಕಿವಿಯ ಆಟವಲ್ಲ, ಕಣ್ಣಿನ ಆಟ.

ಕಣ್ಣಿಟ್ಟು ನೋಡಿದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಅಭ್ಯಾಸವಿರುವುದು ತಿಳಿಯುತ್ತದೆ. ಕ್ಯೂ ಅಕ್ಷರ ಒಂಟಿಯಾಗಿ ತಿರುಗುವುದೇ ಅಪರೂಪ. ಅದರ ಹಿಂದೆಯೇ ಯು ಇರುತ್ತದೆ. ಕ್ವಿಕ್, ಕ್ವೆಶ್ಚನ್, ಗಣಿತದಲ್ಲಿ ಬರುವ ಸ್ಕ್ವೇರ್, ಈಕ್ವಲ್, ಬ್ಯಾಂಕಿನ ಚೆಕ್ ಎಲ್ಲದರಲ್ಲಿಯೂ ಈ ಜೋಡಿಯನ್ನು ಕಾಣಬಹುದು. ಯು ಬಿಟ್ಟು ಬರುವ ಪದಗಳು ಹೆಚ್ಚಾಗಿ ಬೇರೆ ಭಾಷೆಗಳಿಂದ ಹೋದವು. ಕವ್ವಾಲಿ ಎಂಬುದು ಅಂತಹ ಒಂದು ಪದ. ಕೊಲ್ಲಿ ದೇಶಗಳಲ್ಲಿ ದುಡಿಯುವ ನೆಂಟರಿಂದ ನೀವು ಕತಾರ್ ಎಂಬ ಹೆಸರು ಕೇಳಿರಬಹುದು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ಭೂಪಟದಲ್ಲಿ ನೋಡಿ.

ಎಕ್ಸ್ ಅಕ್ಷರಕ್ಕೆ ಪದದ ಕೊನೆ ಇಷ್ಟ. ಬಾಕ್ಸ್, ಫಾಕ್ಸ್, ಸಿಕ್ಸ್, ಟ್ಯಾಕ್ಸ್. ಆದರೆ ಇಲ್ಲಿಯೂ ಕಿವಿ ಮೋಸ ಮಾಡುತ್ತದೆ. ಕಾಲಿಗೆ ಹಾಕುವ ಸಾಕ್ಸ್ ಪದದಲ್ಲಿ ಎಕ್ಸ್ ಇಲ್ಲ, ಬುಕ್ಸ್ ಪದದಲ್ಲಿಯೂ ಇಲ್ಲ. ಜೆ ಅಕ್ಷರ ಇದಕ್ಕೆ ವಿರುದ್ಧ. ಅದು ಮುಂದೆ ಬರುತ್ತದೆ, ಕೊನೆಯಲ್ಲಿ ಬರುವುದು ತೀರ ಕಡಿಮೆ. ಪೇಜ್, ಬ್ರಿಡ್ಜ್, ಕಾಲೇಜ್ ಪದಗಳ ಕೊನೆಯಲ್ಲಿರುವುದು ಜಿ ಮತ್ತು ಇ. ಬ್ರಿಟಿಷರ ಆಳ್ವಿಕೆಗೆ ಹೇಳುವ 'ರಾಜ್' ಜೆ ಅಕ್ಷರದಿಂದ ಮುಗಿಯುತ್ತದೆ. ಅದು ನಮ್ಮ ದೇಶದಿಂದ ಹೋದ ಪದ ತಾನೇ? ವಿ ಅಕ್ಷರವೂ ಕೊನೆಯಲ್ಲಿ ನಿಲ್ಲಲು ಹಿಂಜರಿಯುತ್ತದೆ. ಗಿವ್, ಹ್ಯಾವ್, ಫೈವ್ ಪದಗಳನ್ನು ಬರೆದು ನೋಡಿ. ವಿ ಆದ ಮೇಲೆ ಒಂದು ಇ ಕಾವಲು ನಿಂತಿರುತ್ತದೆ.

ಅಕ್ಷರಗಳ ಇಂತಹ ಅಭ್ಯಾಸವನ್ನು ಕುಳಿತು ಲೆಕ್ಕ ಹಾಕಿದವರೊಬ್ಬರಿದ್ದರು. ಅವರು ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬವರು. ಕಟ್ಟಡಗಳ ನಕ್ಷೆ ತಯಾರಿಸುವುದು ಅವರ ಕೆಲಸವಾಗಿತ್ತು. 1930ರ ದಶಕದಲ್ಲಿ ಆ ದೇಶದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಬಟ್ಸ್ ಅವರ ಕೆಲಸವೂ ಹೋಯಿತು. ಆಗ ಅವರು ಅಕ್ಷರಗಳ ಒಂದು ಹೊಸ ಆಟ ಕಟ್ಟಲು ತೊಡಗಿದರು. ಯಾವ ಅಕ್ಷರ ಎಷ್ಟು ಬೇಕೆಂದು ತಿಳಿಯಲು ವೃತ್ತಪತ್ರಿಕೆಯ ಪುಟ ಹಿಡಿದು ಒಂದೊಂದೇ ಅಕ್ಷರವನ್ನು ಎಣಿಸಿದರು. ಆಟದ ಸಾಮಾನು ತಯಾರಿಸುವವರು ಮೊದಮೊದಲು ಅದನ್ನು ಬೇಡವೆಂದರು. ಜೇಮ್ಸ್ ಬ್ರೂನೋ ಎಂಬವರು ಅದನ್ನು ತಯಾರಿಸಲು ಮುಂದೆ ಬಂದರು. 1948ರಲ್ಲಿ ಅದಕ್ಕೆ 'ಸ್ಕ್ರ್ಯಾಬಲ್' ಎಂಬ ಹೆಸರಾಯಿತು.

ಸ್ಕ್ರ್ಯಾಬಲ್ ಆಟದಲ್ಲಿ 100 ಬಿಲ್ಲೆಗಳಿವೆ. ಎಲ್ಲಕ್ಕಿಂತ ಹೆಚ್ಚು ಇರುವುದು ಇ, 12 ಬಿಲ್ಲೆಗಳು. ಸುಲಭವಾಗಿ ಸಿಗುವ ಅಕ್ಷರವಾದುದರಿಂದ ಅದಕ್ಕೆ ಒಂದೇ ಅಂಕ. ಕ್ಯೂ ಮತ್ತು ಝಡ್ ಒಂದೊಂದೇ ಇವೆ, ಅವುಗಳಿಗೆ ಹತ್ತು ಹತ್ತು ಅಂಕ. ಎಸ್ ಅಕ್ಷರ ಇಂಗ್ಲಿಷಿನಲ್ಲಿ ಧಾರಾಳವಾಗಿ ಬರುತ್ತದೆ, ಆದರೆ ಬಟ್ಸ್ ನಾಲ್ಕೇ ಬಿಲ್ಲೆ ಇಟ್ಟರು. ಏಕೆ ಗೊತ್ತೇ? ಕೊನೆಗೆ ಎಸ್ ಸೇರಿಸುವ ನಮ್ಮ ಉಪಾಯ ಅವರಿಗೂ ಗೊತ್ತಿತ್ತು! ಅಂದಹಾಗೆ, ತಮಗೆ ಸ್ಪೆಲ್ಲಿಂಗ್ ಅಷ್ಟಾಗಿ ಬಾರದೆಂದು ಬಟ್ಸ್ ಅವರೇ ಹೇಳಿಕೊಂಡಿದ್ದಾರೆ.

'ಕ್ವಿಜ್' ಎಂಬ ಸಣ್ಣ ಪದವನ್ನು ನೋಡಿ. ಕ್ಯೂ, ಯು, ಐ, ಝಡ್. ಹತ್ತು, ಒಂದು, ಒಂದು, ಹತ್ತು. ನಾಲ್ಕೇ ಅಕ್ಷರಕ್ಕೆ 22 ಅಂಕ!

ಇ ಅಕ್ಷರವಿಲ್ಲದೆ ಇಂಗ್ಲಿಷ್ ಬರೆಯಲು ಸಾಧ್ಯವೇ? ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬ ಅಮೆರಿಕದ ಲೇಖಕರು 1939ರಲ್ಲಿ 'ಗ್ಯಾಡ್ಸ್‌ಬಿ' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಸುಮಾರು 50,000 ಪದಗಳ ಆ ಕತೆಯಲ್ಲಿ ಇ ಬರದಂತೆ ನೋಡಿಕೊಂಡರು. ಕೈತಪ್ಪಿ ಬಂದೀತೆಂದು ಬೆರಳಚ್ಚು ಯಂತ್ರದ ಇ ಅಕ್ಷರವನ್ನೇ ಕಟ್ಟಿಹಾಕಿದ್ದರಂತೆ. 'ದಿ' ಎಂಬ ಪುಟ್ಟ ಪದವನ್ನು ಕೂಡ ಅವರು ಬಳಸುವಂತಿರಲಿಲ್ಲ.

ಕ್ಯೂ, ಎಕ್ಸ್, ಜೆ, ಝಡ್ ಅಕ್ಷರಗಳಿಗೆ ನೋಟುಪುಸ್ತಕದಲ್ಲಿ ಒಂದೊಂದು ಪುಟ ಇಟ್ಟುಕೊಳ್ಳಿ. ಬಿಸ್ಕತ್ತಿನ ಪೊಟ್ಟಣ, ಅಂಗಡಿಯ ಫಲಕ, ಬಸ್ಸಿನ ಟಿಕೆಟು, ಎಲ್ಲಿ ಕಂಡರೂ ಆ ಪದವನ್ನು ಬರೆದುಕೊಳ್ಳಿ. ನಿಘಂಟಿನಲ್ಲಿ ಹುಡುಕಿದರೆ ಮೊದಲ ಅಕ್ಷರ ಮಾತ್ರ ಸಿಗುತ್ತದೆ. ನಡುವೆ ಅಡಗಿರುವ ಅಕ್ಷರಕ್ಕೆ ನಿಮ್ಮ ಪುಸ್ತಕವೇ ಆಗಬೇಕು.

ಮುಂದಿನ ಮಳೆಗೆ ಕವಿ ಗೋವಿಂದ ಪೈಗಳ ಊರಾದ ಮಂಜೇಶ್ವರ ಇರಲಿ. ಎಂ, ಎ, ಎನ್, ಜೆ, ಇ, ಎಸ್, ಎಚ್, ಡಬ್ಲ್ಯು, ಎ, ಆರ್. ಇದರಿಂದ ಜೆ ಇರುವ ಪದಗಳನ್ನು ಹುಡುಕಿ. ಬ್ರೆಡ್ಡಿಗೆ ಹಚ್ಚಿ ತಿನ್ನುವಂಥದು ಒಂದಿದೆ, ತೊಡುವಂಥದು ಒಂದಿದೆ, ಉಪ್ಪಿನಕಾಯಿ ತುಂಬಿಡುವಂಥದು ಇನ್ನೊಂದಿದೆ.