ತೆರೆಯ ಹಿಂದಿನ ಸೂಜಿದಾರ

ಕ್ರಿಸ್ತಜಯಂತಿಯ ಇರುಳಿನ ಮೂವರು ಅರಸರ ನಾಟಕವಾಗಲಿ, ತಪಸ್ಸುಕಾಲದ ಪಾಡುಗಳ ನಾಟಕವಾಗಲಿ, ಮುಗಿದ ಮೇಲೆ ನಡೆಯುವ ವಂದನಾರ್ಪಣೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪಾತ್ರಧಾರಿಗಳಿಗೆ, ನಿರ್ದೇಶಕರಿಗೆ, ಧ್ವನಿವರ್ಧಕದವರಿಗೆ, ಶಾಮಿಯಾನದವರಿಗೆ, ಕಡೆಗೆ ಚಹಾ ಹಂಚಿದವರಿಗೂ ಕೃತಜ್ಞತೆ ಸಲ್ಲುತ್ತದೆ. ಹೆರೋದನ ನಿಲುವಂಗಿಯನ್ನು ಹೊಲಿದವರ, ಕುರುಬ ಹುಡುಗನ ಕಂಬಳಿ ಜಾರದಂತೆ ಪಿನ್ನು ಚುಚ್ಚಿದವರ ಹೆಸರು ಮಾತ್ರ ಹೇಗೋ ಬಿಟ್ಟುಹೋಗುತ್ತದೆ. ಅವರೂ ವಂದನೆಗಾಗಿ ಕಾದಿರುವುದಿಲ್ಲ. ಬೆವರಿನಿಂದ ಒದ್ದೆಯಾದ ಉಡುಪುಗಳನ್ನು ಎಣಿಸಿ ಗಂಟು ಕಟ್ಟುತ್ತಿರುತ್ತಾರೆ.

ಈ ಕಾಣದ ಕಾಯಕವನ್ನು ಕಲೆಯ ಮಟ್ಟಕ್ಕೆ ಏರಿಸಿದ ಮಹಿಳೆಯೊಬ್ಬರು ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಬೆಳೆದವರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಶಿಡ್ಲಘಟ್ಟದ ಬಾಲಕಿ

ಶಿಡ್ಲಘಟ್ಟ ಎಂದೊಡನೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ. ಅಲ್ಲಿ ಬಿಸಿನೀರಿನ ಮುಂದೆ ಕುಳಿತು ಗೂಡಿನಿಂದ ನೂಲೆಳೆಯುವವರ ಹೆಸರು, ಆ ನೂಲಿನ ಸೀರೆಯನ್ನು ಉಟ್ಟವರಿಗೆ ತಿಳಿದಿರುವುದಿಲ್ಲ. ಅದೇ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದವರು ಪ್ರೇಮಾ ಕಾರಂತರು. 1936ರಲ್ಲಿ ಜನಿಸಿದ ಅವರ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕಾರ್ಮಿಕರಾಗಿದ್ದರು. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಬಾಲಕಿ, ಏಳೆಂಟು ವರ್ಷವಾಗುವಷ್ಟರಲ್ಲಿ ತಾಯಿಯನ್ನೂ ಕಳೆದುಕೊಂಡಳು.

ಮುಂದೆ ಅವರು ಓದಿ, ಬೆಂಗಳೂರಿನಲ್ಲಿ ಶಾಲಾ ಶಿಕ್ಷಕಿಯಾದರು. 1958ರಲ್ಲಿ ಬಿ.ವಿ. ಕಾರಂತರನ್ನು ಸರಳವಾಗಿ ವಿವಾಹವಾದರು. ಕಾಶಿಯಲ್ಲಿಯೂ ಆನಂತರ ದೆಹಲಿಯಲ್ಲಿಯೂ ಸಂಸಾರ ನಡೆಯಿತು. ಪತಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುತ್ತಿದ್ದಾಗ ಪಾಠ ಹೇಳಿ ದುಡಿದ ಪ್ರೇಮಾ ಅವರು, ಬಳಿಕ ತಾವೂ ಅದೇ ಶಾಲೆಯ ಪದವಿ ಪಡೆದರು. ಬೆಂಗಳೂರಿಗೆ ಮರಳಿದ ಮೇಲೆ 'ಬೆನಕ' ತಂಡದಲ್ಲಿ ದುಡಿದರು, ಮಕ್ಕಳ ರಂಗಭೂಮಿಯನ್ನು ಕಟ್ಟಿದರು. ಅವರು ವಸ್ತ್ರವಿನ್ಯಾಸ ಮಾಡಿದ ನಾಟಕಗಳ ಸಂಖ್ಯೆ ನೂರನ್ನು ಮೀರುತ್ತದೆ. 1975ರ 'ಹಂಸಗೀತೆ' ಚಲನಚಿತ್ರದ ಉಡುಪುಗಳೂ ಅವರವೇ.

ಕಂಪನಿ ನಾಟಕಗಳ ಕಾಲದಲ್ಲಿ ಉಡುಪೆಂದರೆ ಮಖಮಲ್ಲು, ಜರಿ, ಮಿಂಚು. ರಾಜನಾಗಲಿ ಮಂತ್ರಿಯಾಗಲಿ ಕಣ್ಣು ಕೋರೈಸಬೇಕು. ಪಾತ್ರದ ಬದುಕು, ವಯಸ್ಸು, ಬಡತನಗಳನ್ನು ಬಟ್ಟೆಯೇ ಹೇಳಬೇಕು ಎಂಬ ಹೊಸ ನೋಟವನ್ನು ತಂದದ್ದು ಆಧುನಿಕ ರಂಗಭೂಮಿ. 1983ರಲ್ಲಿ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 'ಫಣಿಯಮ್ಮ' ಚಿತ್ರವನ್ನು ನಿರ್ದೇಶಿಸಿದರು. ಅದು ಬಾಲವಿಧವೆಯೊಬ್ಬಳ ಕಥೆ. ಉಡುವ ಸೀರೆ, ತೊಡುವ ಬಳೆ, ಮುಡಿಯುವ ಹೂವು ಇವು ಹೆಣ್ಣಿಗೆ ಏನನ್ನು ಕೊಡುತ್ತವೆ, ಕಸಿದುಕೊಂಡಾಗ ಏನನ್ನು ಒಯ್ಯುತ್ತವೆ ಎಂಬುದನ್ನು ಸೂಜಿದಾರ ಹಿಡಿದ ಕೈಗಿಂತ ಚೆನ್ನಾಗಿ ಬಲ್ಲವರು ಯಾರು?

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಉದಯಿಸಿತು. ಅದೇ ವರ್ಷದ ಅಕ್ಟೋಬರ್ 29ರಂದು ಪ್ರೇಮಾ ಕಾರಂತರು ನಿಧನರಾದರು.

ಹೊಲಿಗೆಯಿಲ್ಲದ ಒಳಂಗಿ

ಉಡುಪಿನ ಕೋಣೆಯ ಕೆಲಸ ನಾಟಕದ ದಿನ ಆರಂಭವಾಗುವುದಲ್ಲ. ಯಾವ ದೃಶ್ಯದಲ್ಲಿ ಯಾರಿಗೆ ಯಾವ ಉಡುಪು ಎಂಬ ಪಟ್ಟಿ ಮೊದಲು ಸಿದ್ಧವಾಗಬೇಕು. ಕಟ್ಟಿದ ಹಗ್ಗದ ಮೇಲೆ ಪ್ರವೇಶದ ಕ್ರಮದಲ್ಲಿಯೇ ಉಡುಪುಗಳನ್ನು ಹೆಸರುಚೀಟಿಯೊಡನೆ ತೂಗುಹಾಕಬೇಕು. ಕಪ್ಪು, ಬಿಳಿ ದಾರ ಪೋಣಿಸಿದ ಸೂಜಿಗಳು ಸೆರಗಿಗೆ ಚುಚ್ಚಿ ಸಿದ್ಧವಿರಬೇಕು. ಅಪ್ಪಟ ಬಿಳಿಯ ಬಟ್ಟೆ ದೀಪದ ಬೆಳಕಿಗೆ ಕಣ್ಣು ಚುಚ್ಚುವುದರಿಂದ ಅದನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಮಾಸಲು ಮಾಡಬೇಕು. ಬೇಗ ಬದಲಿಸಬೇಕಾದ ಉಡುಪಿಗೆ ಗುಂಡಿಯ ಬದಲು ಹುಕ್ಕು ಹಾಕಬೇಕು. ಕತ್ತಲಲ್ಲಿ ಸದ್ದಿಲ್ಲದೆ, ಕೈಯಂದಾಜಿನಲ್ಲಿ ಇಷ್ಟೂ ನಡೆಯಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಧರ್ಮಕೇಂದ್ರದ ಪಾಡುಗಳ ನಾಟಕವೊಂದಕ್ಕೆ ಯೇಸುಸ್ವಾಮಿಯ ಒಳಂಗಿಯನ್ನು ಹೊಲಿಯುವ ಹೊಣೆ ನನ್ನದಾಗಿತ್ತು. ಅದು ಹೊಲಿಗೆಯಿಲ್ಲದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿ ನೇಯ್ದದ್ದಾಗಿತ್ತೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅದಕ್ಕೆ ನಿಷ್ಠಳಾಗಿರಬೇಕೆಂದು ಎಲ್ಲಿಯೂ ಸೀಳಿಲ್ಲದೆ, ಕತ್ತಿನ ಬಳಿ ಮಾತ್ರ ಚಿಕ್ಕ ತೆರಪು ಬಿಟ್ಟು ಹೊಲಿದೆ. ನೋಡಲು ಸೊಗಸಾಗಿಯೇ ಇತ್ತು. ಶಿಲುಬೆಹಾದಿಯ ಹತ್ತನೆಯ ಸ್ಥಳ ಬಂದಾಗ ಸೈನಿಕರು ಅಂಗಿಯನ್ನು ತಲೆಯ ಮೇಲಿಂದ ಎಳೆದರು. ತಲೆಯಲ್ಲಿ ಮುಳ್ಳಿನ ಕಿರೀಟವಿದೆ ಎಂಬುದು ನನ್ನ ಲೆಕ್ಕಕ್ಕೆ ಬಂದೇ ಇರಲಿಲ್ಲ! ಅಂಗಿ ಕಿರೀಟಕ್ಕೆ ಸಿಕ್ಕಿ, ಕಿರೀಟ ಕೃತಕ ಕೂದಲಿಗೆ ಸಿಕ್ಕಿ, ಮೂರೂ ಒಟ್ಟಿಗೆ ಕಳಚಿ ಬಂದವು. ಮುಂದೆ ಕುಳಿತಿದ್ದ ಮಕ್ಕಳು ನಕ್ಕರು. ಅವರನ್ನು ನೋಡಿ ದೊಡ್ಡವರೂ ನಕ್ಕರು. ಕಣ್ಣೀರು ತರಬೇಕಾದ ಗಳಿಗೆ ನನ್ನ ಸೂಜಿಯಿಂದಾಗಿ ನಗೆಪಾಟಲಾಯಿತು. ನಲವತ್ತು ದಿನ ಉಪವಾಸವಿದ್ದು ಆ ಪಾತ್ರಕ್ಕೆ ಸಿದ್ಧನಾಗಿದ್ದ ಹುಡುಗ ತಲೆತಗ್ಗಿಸಿ ನಿಂತೇ ಇದ್ದ. ಆಮೇಲೆ ಕೂಡ ಅವನು ನನಗೆ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಹಿರಿಯ ಹೊಲಿಗೆಯಾಕೆಯೊಬ್ಬರು ಆ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, "ನೋಡೋರಿಗೆ ಮಾತ್ರ ಹೊಲಿದ್ರೆ ಸಾಲ್ದು ಮಗಾ, ಬಿಚ್ಚೋರಿಗೂ ಹೊಲೀಬೇಕು" ಎಂದರು. ಬೆನ್ನಿನ ಕಡೆ ಕತ್ತಿನಿಂದ ಅಂಚಿನವರೆಗೆ ಸೀಳಿ, ಒಳಗಡೆ ಪಟ್ಟಿ ಕೊಟ್ಟು ಹುಕ್ಕುಗಳನ್ನು ಇಟ್ಟರು. ಮುಂದಿನ ವರ್ಷ ಹಿಂದೆ ನಿಂತ ಸೈನಿಕನು ಹುಕ್ಕುಗಳನ್ನು ಬಿಚ್ಚಿದ, ಅಂಗಿ ತೋಳುಗಳಿಂದ ಮುಂದಕ್ಕೆ ಜಾರಿ ಬಂತು, ಕಿರೀಟ ಅಲುಗಲಿಲ್ಲ. ಸಭೆ ಮೌನವಾಗಿತ್ತು. ಆ ಮೌನದಲ್ಲಿ ಹುಕ್ಕುಗಳನ್ನು ಯಾರೂ ನೆನೆಯಲಿಲ್ಲ. ನೆನೆಯದಿದ್ದುದೇ ಆ ಹೊಲಿಗೆಗೆ ಸಂದ ಮರ್ಯಾದೆ.

ಇಡೀ ಊರಿನ ಹರಕೆ

ಜರ್ಮನಿಯ ಬವೇರಿಯಾದ ಓಬರಮ್ಮರ್‌ಗಾವ್ ಎಂಬ ಹಳ್ಳಿಯವರು 1633ರಲ್ಲಿ ಪ್ಲೇಗಿನ ಭೀತಿಯ ನಡುವೆ ಹರಕೆ ಹೊತ್ತು, 1634ರಲ್ಲಿ ಪಾಡುಗಳ ನಾಟಕವನ್ನು ಮೊದಲ ಬಾರಿಗೆ ಆಡಿದರು. ಹತ್ತು ವರ್ಷಕ್ಕೊಮ್ಮೆ ಆಡುವ ಆ ಪದ್ಧತಿ ಇಂದಿಗೂ ಉಳಿದಿದೆ. 2020ರಲ್ಲಿ ನಡೆಯಬೇಕಿದ್ದ ಪ್ರದರ್ಶನ ಕೊರೋನಾದಿಂದಾಗಿ 2022ರಲ್ಲಿ ನಡೆಯಿತು. ಪಾತ್ರಧಾರಿಗಳು ಹಿಂದಿನ ವರ್ಷದ ಬೂದಿ ಬುಧವಾರದಿಂದಲೇ ಕೂದಲು, ಗಡ್ಡಗಳನ್ನು ಬೆಳೆಸತೊಡಗುತ್ತಾರೆ. ಅಲ್ಲಿ ಸಾವಿರಾರು ಗ್ರಾಮಸ್ಥರು ಭಾಗವಹಿಸುತ್ತಾರೆ. ಹೊಲಿಯುವವರೂ ಉಡಿಸುವವರೂ ನಟರಷ್ಟೇ ಆ ಹರಕೆಯ ಪಾಲುದಾರರು.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಜೊಪ್ಪ ಪಟ್ಟಣದ ತಬಿಥಳ ವೃತ್ತಾಂತವಿದೆ. ದೋರ್ಕ ಎಂದೂ ಕರೆಯಲಾಗುವ ಆಕೆ ತೀರಿಕೊಂಡಾಗ, ವಿಧವೆಯರು ಸಂತ ಪೇತ್ರರ ಸುತ್ತ ನಿಂತು ಅಳುತ್ತಾ ಆಕೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಆಕೆ ಆಡಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಆಕೆಯ ಪರವಾಗಿ ಬಟ್ಟೆಗಳೇ ಸಾಕ್ಷಿ ನುಡಿದವು.

ನಮ್ಮ ಮನೆಗಳಲ್ಲಿಯೂ ಅಂಥ ಕೈಗಳಿವೆ. ಮುಂದಿನ ನಾಟಕಕ್ಕೆ ಹೆಣ್ಣುಮಕ್ಕಳನ್ನಷ್ಟೇ ಅಲ್ಲ, ಗಂಡುಮಕ್ಕಳನ್ನೂ ಉಡುಪಿನ ಕೋಣೆಗೆ ಕಳುಹಿಸೋಣ. ಹುಕ್ಕು ಹಚ್ಚುವುದನ್ನು, ಇನ್ನೊಬ್ಬರ ಬೆವರಿನ ಬಟ್ಟೆಯನ್ನು ಅಸಹ್ಯಪಡದೆ ಮಡಿಸುವುದನ್ನು ಅವರು ಕಲಿಯಲಿ. ವಂದನಾರ್ಪಣೆಯ ಚೀಟಿ ಬರೆಯುವವರು ಈ ಸಲ ಒಂದು ಸಾಲು ಹೆಚ್ಚಿಗೆ ಬರೆದರೆ ಇನ್ನೂ ಸಂತೋಷ. ಬರೆಯದಿದ್ದರೂ, ಗಂಟು ಕಟ್ಟುತ್ತಿರುವವರಿಗೆ ಒಂದು ಲೋಟ ಚಹಾ ತಲುಪಲಿ.